ಕೆಚ್ಚಲು ಬಾವು: ಸೂಜಿ ಹಾಕಿಸಿದರೆ ಸಾಕೇ?



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಸಭೆಗೆ ಹೋದರೂ ಸಾಲದ ಪುಸ್ತಕದಲ್ಲಿ ಸೀಮೆಹಸುವಿನ ಸಾಲ ಇದ್ದೇ ಇರುತ್ತದೆ. ಅದರ ಕಂತು ಹಸುವಿನ ನಾಲ್ಕು ಮೊಲೆಗಳಿಂದಲೇ ಬರಬೇಕು. ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿತು ಅಂತ ಬ್ಯಾಂಕಿನವರು ಕಂತು ಕಡಿಮೆ ಮಾಡುವುದಿಲ್ಲ.

"ವರ್ಷಕ್ಕೆರಡು ಸಲ ಸೂಜಿ ಹಾಕಿಸ್ತೀವಲ್ಲ ಸಿಸ್ಟರ್, ಆದ್ರೂ ಯಾಕೆ ಬಾವು ಬರುತ್ತೆ?" ಎಂದು ಸಭೆಗಳಲ್ಲಿ ಕೇಳುತ್ತಾರೆ. ಆ ಸೂಜಿ ಕಾಲುಬಾಯಿ ಜ್ವರಕ್ಕೆ, ಕೆಚ್ಚಲು ಬಾವಿಗಲ್ಲ. ಹಾಗಂತ ಅದನ್ನು ಬಿಡಬೇಡಿ. ಕಾಲುಬಾಯಿ ಜ್ವರದಲ್ಲಿ ಮೊಲೆಯ ಮೇಲೂ ಗುಳ್ಳೆ ಏಳುತ್ತದೆ, ಆ ಹುಣ್ಣಿನ ದಾರಿಯಲ್ಲೇ ಬಾವೂ ಬರುತ್ತದೆ. 2013ರಲ್ಲಿ ನಮ್ಮ ಜಿಲ್ಲೆಯಲ್ಲಿ ಆ ಜ್ವರಕ್ಕೆ ಎಷ್ಟು ಹಸುಗಳು ಸತ್ತವು, ಎಷ್ಟು ಕೊಟ್ಟಿಗೆ ಖಾಲಿಯಾದವು ಎಂದು ನಿಮಗೇ ಗೊತ್ತು. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಈ ಲಸಿಕೆ ಉಚಿತ. ಹಾಲು ಇಳಿಯುತ್ತೆ ಅಂತ ಲಸಿಕೆಯವರು ಬರುವ ದಿನ ಹಸುವನ್ನು ತೋಟಕ್ಕೆ ಅಟ್ಟುವವರಿದ್ದಾರೆ! ಇಳಿದರೂ ಅದು ಕೆಲವು ದಿನದ ಮಾತು.

ಕೆಚ್ಚಲು ಬಾವಿಗೇ ಅಂತ ಲಸಿಕೆ ಇಲ್ಲವೇ? ಇದೆ. ಯೂರೋಪಿನಲ್ಲಿ 2009ರಲ್ಲಿ ಒಂದಕ್ಕೆ ಅನುಮತಿ ಸಿಕ್ಕಿತು. ಕರು ಹಾಕುವ 45 ದಿನ ಮುಂಚೆ ಒಂದು ಸೂಜಿ, 10 ದಿನ ಮುಂಚೆ ಇನ್ನೊಂದು, ಕರು ಹಾಕಿದ 52 ದಿನಕ್ಕೆ ಮೂರನೆಯದು. ಆದರೆ ಬಾವು ತರುವ ರೋಗಾಣು ಒಂದಲ್ಲ, ಹತ್ತಾರು. ಲಸಿಕೆ ಅವುಗಳಲ್ಲಿ ಕೆಲವಕ್ಕೆ ಮಾತ್ರ. ಬಾವಿನ ಜೋರನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ, ಬಂದ ಬಾವನ್ನು ವಾಸಿ ಮಾಡುವುದೂ ಇಲ್ಲ. "ಒಂದು ಸೂಜಿ ಹಾಕ್ಸಿ, ಆಮೇಲೆ ಚಿಂತೆ ಇಲ್ಲ" ಎಂದು ಯಾರಾದರೂ ಹಣ ಕೇಳಿದರೆ, ಪಶುವೈದ್ಯರನ್ನು ವಿಚಾರಿಸದೆ ಕೊಡಬೇಡಿ.

ಹೆಚ್ಚಿನ ಕೆಲಸ ನಮ್ಮ ಕೊಟ್ಟಿಗೆಯಲ್ಲೇ ಇದೆ. ಹಾಲು ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಯಾದರೂ ತೆರೆದೇ ಇರುತ್ತದೆ. ಆಗ ಹಸು ಸಗಣಿ ಗಂಜಲದ ಮೇಲೆ ಮಲಗಿತೋ, ರೋಗಾಣು ನೇರ ಒಳಗೆ. ಅದಕ್ಕೇ ಕರೆದ ಕೂಡಲೇ ಮೇವು ಹಾಕಿ, ತಿನ್ನುತ್ತಾ ನಿಂತಿರಲಿ. ಕರೆಯುವ ಮುಂಚೆ ಮೊಲೆ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ನಮ್ಮ ಕಡೆ ನೀರಿನ ಕಷ್ಟ ಇದ್ದದ್ದೇ, ಒಂದು ಚೊಂಬು ಸಾಕು. ಒರೆಸುವುದನ್ನು ಮಾತ್ರ ಬಿಡಬೇಡಿ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.

ಊತ, ಗಡ್ಡೆಹಾಲು ಕಾಣುವ ಮುಂಚೆಯೇ ಒಳಗೆ ಬಾವು ಇರಬಹುದು. ಮನೆಯಲ್ಲೇ ನೋಡುವ ದಾರಿ ಇದೆ. ಅರ್ಧ ಲೀಟರ್ ನೀರಿಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಆರು ಟೀ ಚಮಚ ಕಲಸಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಡಿದು, ಅಷ್ಟೇ ಸೋಪುನೀರು ಬೆರೆಸಿ ಒಂದು ನಿಮಿಷ ಅಲ್ಲಾಡಿಸಿ. ಯಾವುದು ಲೋಳೆಯಾಯಿತೋ ಆ ಮೊಲೆಯನ್ನು ಡಾಕ್ಟರಿಗೆ ತೋರಿಸಿ. ಬಟ್ಟಲಿನದನ್ನು ಚೆಲ್ಲಿಬಿಡಿ, ಕರುವಿಗೂ ಕುಡಿಸಬೇಡಿ. ಔಷಧಿ ಕೊಟ್ಟರೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಎಂದು ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಮುಂದಿನ ವಾರದ ಸಭೆಗೆ ಒಬ್ಬರು ಸೋಪಿನ ಪುಡಿ, ಒಬ್ಬರು ಬಟ್ಟಲು ತನ್ನಿ. ಹಸು ಯಾರದು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ.