ಅಪಸ್ಮಾರವುಳ್ಳವರಿಗೆ ವಿಆರ್ ಆಟ

ಪ್ರಶ್ನೆ: ಸೌಮ್ಯ ಅಪಸ್ಮಾರಕ್ಕೆ ಮಾತ್ರೆ ಸೇವಿಸುತ್ತಿರುವ ನಾನು ವಿಆರ್ ಹೆಡ್‌ಸೆಟ್ ಧರಿಸಿ ಕಾರ್ ಸಿಮ್ಯುಲೇಟರ್ ಆಡಬಹುದೆ?

ಉತ್ತರ: ಮಿನುಗುವ ಬೆಳಕು ಅಪಸ್ಮಾರವುಳ್ಳವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಮಾತ್ರ ಸೆಳವನ್ನು ಪ್ರಚೋದಿಸುತ್ತದೆಯಾದರೂ, ತಾವು ಆ ವರ್ಗಕ್ಕೆ ಸೇರಿದವರೋ ಅಲ್ಲವೋ ಎಂಬುದನ್ನು ಊಹೆಗೆ ಬಿಡದೆ, ಮೊದಲು ನರರೋಗತಜ್ಞರನ್ನು ಕಂಡು, ಬೆಳಕನ್ನು ಮಿನುಗಿಸಿ ಮಾಡುವ ಇಇಜಿ ಪರೀಕ್ಷೆಯ ಫಲವನ್ನು ಅರಿಯತಕ್ಕದ್ದು. ಬೆಳಕಿಗೆ ಅತಿಸಂವೇದನೆ ಕಂಡುಬಂದಲ್ಲಿ ಹೆಡ್‌ಸೆಟ್ ವರ್ಜ್ಯ. ಇಲ್ಲವಾದಲ್ಲಿ, ತಜ್ಞರ ಸಮ್ಮತಿ ಪಡೆದು, ಮನೆಯವರೊಬ್ಬರು ಸಮೀಪದಲ್ಲಿರುವಾಗ, ಕುಳಿತೇ, ಹತ್ತು ನಿಮಿಷದಿಂದ ಆರಂಭಿಸಿರಿ. ನಿದ್ರೆಗೆಟ್ಟ ದಿನ, ಮಾತ್ರೆ ತಪ್ಪಿದ ದಿನ ಸರ್ವಥಾ ಬೇಡ. ಬೆಳಕಿಗಿಂತಲೂ ಇವೆರಡಕ್ಕೇ ನಾನು ಹೆಚ್ಚು ಅಂಜುತ್ತೇನೆ. ಕೈಕಾಲು ಅದುರಿದರೆ, ದೃಷ್ಟಿ ಮಸುಕಾದರೆ ಒಡನೆಯೇ ಹೆಡ್‌ಸೆಟ್ ಕಳಚಿ, ವೈದ್ಯರಿಗೆ ತಿಳಿಸಿರಿ. ಸೆಳವು 5 ನಿಮಿಷ ಮೀರಿದರೆ 108ಕ್ಕೆ ಕರೆಮಾಡಬೇಕೆಂದು ಮನೆಯವರಿಗೆ ಈಗಲೇ ಹೇಳಿಡಿರಿ.