ಮೂಢನಾರು? ಮುಗ್ಧನಾರು?

ಮೂರ್ಖನೆಂಬ ಮಾತು ಲೋಕದಲ್ಲಿ ಬೈಗುಳಾಗಿ ನಡೆದುಬಂದಿದೆ. ಆದರೆ ನಮ್ಮ ಪ್ರಾಚೀನ ಕಾವ್ಯ, ನಾಟಕ, ಕಥೆ, ಪುರಾಣಗಳನ್ನು ತೆರೆದು ನೋಡಿದರೆ ಮೂರ್ಖರೆನಿಸಿಕೊಂಡವರಿಗೆ ಅಲ್ಲಿ ದೊರೆತಿರುವ ಸ್ಥಾನವು ಅಚ್ಚರಿಯನ್ನುಂಟುಮಾಡುವುದು. ರಾಜನ ಮಗ್ಗುಲಲ್ಲಿ ವಿದೂಷಕನಿದ್ದಾನೆ. ನೀತಿಕಥೆಯ ಬಾಗಿಲಲ್ಲಿಯೇ ಮೂರ್ಖ ರಾಜಕುಮಾರರಿದ್ದಾರೆ. ಶಿವಭಕ್ತರ ಚರಿತ್ರೆಗಳಲ್ಲಿಯಂತೂ ಲೋಕವು ಹುಚ್ಚರೆಂದು ನಕ್ಕವರೇ ಕೈಲಾಸದ ಹಾದಿಯಲ್ಲಿ ಮುಂದಾಗಿದ್ದಾರೆ. ಇವರೆಲ್ಲರೂ ಒಂದೇ ಬಗೆಯ ಜನರೇ? ಅಲ್ಲವಾದರೆ ಅವರನ್ನು ಬೇರ್ಪಡಿಸಿ ತಿಳಿಯುವ ಬಗೆ ಯಾವುದು? ಗೃಹಸ್ಥರಾದ ಭಕ್ತರಿಗೆ ಇದು ಬರಿಯ ಸಾಹಿತ್ಯವಿಚಾರವಲ್ಲ. ಮನೆಯ ಮಗುವನ್ನು, ಓದು ಬಾರದ ಹಿರಿಯರನ್ನು, ಕಡೆಗೆ ನಮ್ಮ ದಿನದಿನದ ಪೂಜೆಯನ್ನೂ ನಾವು ಹೇಗೆ ಅಳೆಯುವೆವೆಂಬುದು ಈ ವಿಚಾರವನ್ನೇ ಅವಲಂಬಿಸಿದೆ.

೧. ಶಬ್ದವಿಚಾರ

‘ಮೂಢ’, ‘ಮುಗ್ಧ’ ಎಂಬ ಎರಡು ಶಬ್ದಗಳೂ ‘ಮುಹ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಬಗೆಗೆಡುವುದು, ಮೋಹಗೊಳ್ಳುವುದು ಎಂಬುದು ಆ ಧಾತುವಿನ ಅರ್ಥ. ‘ಮೋಹ’ವೆಂಬ ಶಬ್ದವೂ ಅದರಿಂದಲೇ ಬಂದುದು. ಆ ಧಾತುವಿನ ಕೊನೆಯ ಹಕಾರಕ್ಕೆ ಪಾಣಿನಿಯು ವಿಕಲ್ಪವನ್ನು ವಿಧಿಸಿರುವನು. ಒಂದು ಪಕ್ಷದಲ್ಲಿ ಹಕಾರವು ಘಕಾರವಾಗಿ ‘ಮುಗ್ಧ’ವೆಂಬ ರೂಪವು ಸಿದ್ಧಿಸುವುದು, ಇನ್ನೊಂದು ಪಕ್ಷದಲ್ಲಿ ಢಕಾರವಾಗಿ ‘ಮೂಢ’ವೆಂಬ ರೂಪವು ಸಿದ್ಧಿಸುವುದು. ವ್ಯಾಕರಣಕ್ಕೆ ಎರಡೂ ಸಮಾನವೇ. ಆದರೆ ಬಳಕೆಯು ಅವುಗಳನ್ನು ಅಗಲಿಸಿತು. ಎಳೆತನದ ಚೆಲುವಿಗೂ ಕಪಟವರಿಯದ ಮನಸ್ಸಿಗೂ ‘ಮುಗ್ಧ’ವೆಂಬ ಹೆಸರು ನಿಂತಿತು, ಮಂಕು ಕವಿದು ಹಿತಾಹಿತವನ್ನು ಕಾಣದ ಬುದ್ಧಿಗೆ ‘ಮೂಢ’ವೆಂಬ ಹೆಸರು ಉಳಿಯಿತು. ಒಂದೇ ತಾಯಿಯ ಈ ಎರಡು ಮಕ್ಕಳು ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವರು. ಎರಡೂ ಲೋಕದ ಲೆಕ್ಕಾಚಾರಕ್ಕೆ ಹೊರಗಾದವು. ಆದುದರಿಂದಲೇ ಮುಗ್ಧನನ್ನು ಮೂಢನೆಂದು ಹಳಿಯುವ ತಪ್ಪೂ, ಮೂಢನನ್ನು ಮುಗ್ಧನೆಂದು ಪೂಜಿಸುವ ತಪ್ಪೂ ಜನರಲ್ಲಿ ಪದೇಪದೇ ನಡೆಯುವವು.

೨. ನಾಟಕದ ಪೆದ್ದರು

ಸಂಸ್ಕೃತ ನಾಟಕಗಳ ವಿದೂಷಕನನ್ನು ನೋಡಿರಿ. ಅವನು ಬ್ರಾಹ್ಮಣನಾದರೂ ಪ್ರಾಕೃತವನ್ನಾಡುವನು. ಭಕ್ಷ್ಯದ ಮಾತು ಬಂದರೆ ಸಾಕು, ಅವನ ಮುಖವರಳುವುದು. ಸಭೆಯನ್ನು ನಗಿಸುವುದೇ ಅವನ ಕೆಲಸವೆಂದು ಮೇಲೆ ಮೇಲೆ ತೋರುವುದು. ಆದರೆ ಕಾಳಿದಾಸನ ಶಾಕುಂತಲದಲ್ಲಿ ಮಾಧವ್ಯನಿಂದ ನಡೆದ ಕಾರ್ಯವನ್ನು ವಿಚಾರಿಸಬೇಕು. ದುಷ್ಯಂತನು ಶಕುಂತಲೆಯ ಮೇಲಿನ ತನ್ನ ಪ್ರೇಮವನ್ನು ಅವನೊಡನೆ ಹೇಳಿಕೊಳ್ಳುವನು. ಆದರೆ ಅವನನ್ನು ರಾಜಧಾನಿಗೆ ಕಳುಹಿಸಬೇಕಾದಾಗ, ಇವನು ಅಂತಃಪುರದಲ್ಲಿ ಬಾಯಿಬಿಟ್ಟಾನೆಂದು ಅಂಜಿ, ತಾನು ಆಡಿದುದೆಲ್ಲ ವಿನೋದಕ್ಕೆಂದು ನಂಬಿಸುವನು. ಮುಂದೆ ಶಾಪದಿಂದ ಮರೆತುಹೋದುದು ಮರಳಿ ನೆನಪಿಗೆ ಬಂದು ಅರಸನು ಪರಿತಪಿಸುತ್ತಿರುವಾಗ, ನೀನಾದರೂ ಏಕೆ ನೆನಪಿಸಲಿಲ್ಲವೆಂದು ಗೆಳೆಯನನ್ನು ಕೇಳುವನು. ವಿನೋದವೆಂದು ನೀನೇ ಹೇಳಿದೆಯಲ್ಲವೇ, ಮಣ್ಣಿನ ಮುದ್ದೆಯಂತಹ ಬುದ್ಧಿಯವನಾದ ನಾನು ಅದನ್ನು ಹಾಗೆಯೇ ನಂಬಿದೆನು ಎಂಬ ಅಭಿಪ್ರಾಯದ ಉತ್ತರವನ್ನು ಮಾಧವ್ಯನು ಕೊಡುವನು. ಇಲ್ಲಿ ಸುಳ್ಳಾಡಿದವನು ಜಾಣನಾದ ಅರಸು, ನಂಬಿದವನು ಪೆದ್ದ. ಜಾಣನ ಸುಳ್ಳು ಜಾಣನ ಕೊರಳನ್ನೇ ಸುತ್ತಿತು.

ಶೂದ್ರಕನ ಮೃಚ್ಛಕಟಿಕದಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಇಬ್ಬರು ಪೆದ್ದರಿದ್ದಾರೆ. ಒಬ್ಬನು ಚಾರುದತ್ತನ ಗೆಳೆಯನಾದ ಮೈತ್ರೇಯ. ಇನ್ನೊಬ್ಬನು ರಾಜನ ಮೈದುನನಾದ ಶಕಾರ. ಮೈತ್ರೇಯನು ವಿವೇಕವಿಲ್ಲದವನು ನಿಜ. ನ್ಯಾಯಾಲಯದಲ್ಲಿ ಶಕಾರನೊಡನೆ ಕಚ್ಚಾಡಹೋಗಿ ಕಂಕುಳಲ್ಲಿದ್ದ ವಸಂತಸೇನೆಯ ಒಡವೆಗಳನ್ನು ಎಲ್ಲರೆದುರು ಬೀಳಿಸಿ, ಗೆಳೆಯನ ಮೇಲಿನ ಕೊಲೆಯ ಅಪವಾದವು ದೃಢವಾಗುವಂತೆ ಮಾಡಿದವನು ಅವನೇ. ಆದರೂ ಸಿರಿ ಹೋದ ಮೇಲೆ ಚಾರುದತ್ತನ ಮನೆಯನ್ನು ಬಿಡದೆ ನಿಂತವನೂ ಅವನೇ. ಶಕಾರನಾದರೋ ಪುರಾಣಗಳನ್ನು ಕೇಳಿದ್ದಾನೆ. ಆದರೆ ರಾವಣನಿಗೂ ಕುಂತಿಗೂ, ರಾಮನಿಗೂ ದ್ರೌಪದಿಗೂ ಗಂಟುಹಾಕಿ ಮಾತನಾಡುವನು. ಆ ಅಜ್ಞಾನಕ್ಕೆ ನಾವು ನಗಬಹುದು. ಅವನೇ ವಸಂತಸೇನೆಯ ಕೊರಳನ್ನು ಹಿಸುಕಿ, ಆ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸಿದಾಗ ನಗೆಯು ಅಡಗುವುದು. ಇಬ್ಬರಿಗೂ ಬುದ್ಧಿಯು ಕಡಿಮೆ. ಒಬ್ಬನಲ್ಲಿ ‘ನಾನು’ ಎಂಬುದಿಲ್ಲ. ಇನ್ನೊಬ್ಬನಲ್ಲಿ ‘ನಾನು’ ಎಂಬುದಲ್ಲದೆ ಬೇರೇನೂ ಇಲ್ಲ.

೩. ಓದಿದ ಮೂರ್ಖರು

ಪಂಚತಂತ್ರವು ಹುಟ್ಟಿದುದೇ ಮೂರ್ಖರಿಗಾಗಿ. ಮಹಿಲಾರೋಪ್ಯದ ಅರಸನಾದ ಅಮರಶಕ್ತಿಯ ಮೂವರು ಮಕ್ಕಳು ಓದಿಗೆ ವಿಮುಖರಾಗಿರಲು, ವಿಷ್ಣುಶರ್ಮನು ಆರು ತಿಂಗಳಲ್ಲಿ ಅವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದು ಪಣತೊಟ್ಟು ಈ ಕಥೆಗಳನ್ನು ಹೇಳಿದನಂತೆ. ಗುರುವಾದವನು ಮಕ್ಕಳನ್ನು ಜರೆಯದೆ, ಅವರಿಗೆ ತಕ್ಕ ಬೋಧನೆಯ ಮಾರ್ಗವನ್ನು ಹುಡುಕಿದನೆಂಬುದನ್ನು ಉಪಾಧ್ಯಾಯರೂ ತಂದೆತಾಯಿಗಳೂ ಗಮನಿಸಬೇಕು. ವಸುಭಾಗಭಟ್ಟನ ಪಾಠವನ್ನನುಸರಿಸಿ ದುರ್ಗಸಿಂಹನು ಸುಮಾರು ಕ್ರಿ. ಶ. ೧೦೩೧ರಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು.

ಸಂಸ್ಕೃತ ಪಂಚತಂತ್ರದ ಕಡೆಯ ತಂತ್ರದಲ್ಲಿ ನಾಲ್ವರು ಬ್ರಾಹ್ಮಣರ ಕಥೆಯೊಂದಿದೆ. ಮೂವರು ವಿದ್ಯಾವಂತರು; ನಾಲ್ಕನೆಯವನು ಓದಿದವನಲ್ಲ, ಆದರೆ ವ್ಯವಹಾರಬುದ್ಧಿಯುಳ್ಳವನು. ಕಾಡಿನಲ್ಲಿ ಸತ್ತ ಸಿಂಹದ ಎಲುಬುಗಳನ್ನು ಕಂಡು ಒಬ್ಬನು ಅವುಗಳನ್ನು ಜೋಡಿಸಿದನು. ಇನ್ನೊಬ್ಬನು ತೊಗಲು, ಮಾಂಸ, ರಕ್ತಗಳನ್ನು ಕೂಡಿಸಿದನು. ಮೂರನೆಯವನು ಪ್ರಾಣವನ್ನು ತುಂಬಲು ಸಿದ್ಧನಾದನು. ಇದು ಸಿಂಹ, ಬದುಕಿದರೆ ನಮ್ಮನ್ನು ಕೊಲ್ಲುವುದೆಂದು ನಾಲ್ಕನೆಯವನು ಎಚ್ಚರಿಸಿದರೂ ಅವರು ಕೇಳಲಿಲ್ಲ. ಹಾಗಾದರೆ ನಾನು ಮರವನ್ನೇರುವವರೆಗೆ ತಾಳಿರೆಂದು ಅವನು ಮರವನ್ನೇರಿದನು. ಉಳಿದವರು ಸಿಂಹಕ್ಕೆ ಆಹಾರವಾದರು. ಓದು ಮೌಢ್ಯವನ್ನು ಕಳೆಯುವುದೆಂಬ ನಂಬಿಕೆಯನ್ನು ಈ ಕಥೆಯು ಅಲುಗಾಡಿಸುವುದು. ಆ ಮೂವರಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ತಮ್ಮ ವಿದ್ಯೆಯನ್ನು ಮೆರೆಸಬೇಕೆಂಬ ಆತುರವು ಕಣ್ಣನ್ನು ಕಟ್ಟಿತು. ಅವರು ಓದಿಯೂ ಮೂಢರು.

೪. ಶಿವಪಥದ ಮುಗ್ಧರು

ಈ ಹಿನ್ನೆಲೆಯಲ್ಲಿ ಈಗ ನಮ್ಮ ಶಿವಭಕ್ತರ ಚರಿತ್ರೆಗಳಿಗೆ ಬರೋಣ. ಹಂಪೆಯ ಹರಿಹರನು ತನ್ನ ರಗಳೆಗಳಲ್ಲಿ, ಪಾಲ್ಕುರಿಕೆ ಸೋಮನಾಥನು ತೆಲುಗಿನ ಬಸವಪುರಾಣದಲ್ಲಿ, ಅದನ್ನು ೧೩೬೯ರಲ್ಲಿ ಕನ್ನಡಕ್ಕೆ ತಂದ ಭೀಮಕವಿಯು ತನ್ನ ಕಾವ್ಯದಲ್ಲಿ ಮುಗ್ಧಭಕ್ತರನ್ನು ಬಾಯ್ತುಂಬ ಕೀರ್ತಿಸಿದ್ದಾರೆ.

ಬಸವಪುರಾಣದ ರುದ್ರಪಶುಪತಿಯು ಪುರಾಣಶ್ರವಣಕ್ಕೆ ಕುಳಿತಿರುವಾಗ ಶಿವನು ವಿಷವನ್ನು ಕುಡಿದನೆಂಬ ಪ್ರಸಂಗವು ಬಂದಿತು. ಕೇಳಿದವರೆಲ್ಲರೂ ತಲೆದೂಗಿದರು. ಇವನೊಬ್ಬನಿಗೆ ಮಾತ್ರ ಶಿವನ ಪ್ರಾಣದ ಚಿಂತೆ ಹತ್ತಿತು. ನೀರಿನಲ್ಲಿಳಿದು, ಆ ವಿಷವನ್ನು ಉಗುಳದಿದ್ದರೆ ಮುಳುಗಿ ಸಾಯುವೆನೆಂದು ಹಟಹಿಡಿದನು. ಶಿವನು ಪ್ರತ್ಯಕ್ಷನಾಗಿ ಎಷ್ಟು ಸಮಾಧಾನ ಹೇಳಿದರೂ ಅವನಿಗೆ ನೆಮ್ಮದಿಯಾಗದಿರಲು, ತನ್ನ ಕಂಠವನ್ನು ಸದಾ ನೋಡಿಕೊಂಡಿರಲೆಂದು ಅವನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡನಂತೆ. ತಮಿಳಿನ ಪೆರಿಯಪುರಾಣದಲ್ಲಿ ಇದೇ ಹೆಸರಿನ ಭಕ್ತನು ಕೊರಳುದ್ದ ನೀರಿನಲ್ಲಿ ನಿಂತು ರುದ್ರಾಧ್ಯಾಯವನ್ನು ಜಪಿಸುವ ವೇದವಿದನು. ನೀರು ಎರಡರಲ್ಲಿಯೂ ಇದೆ. ಅಲ್ಲಿ ಮಂತ್ರವನ್ನು ಬಲ್ಲವನು ಇಲ್ಲಿ ಏನನ್ನೂ ಅರಿಯದ ಶ್ರೋತೃವಾಗಿದ್ದಾನೆ. ನಮ್ಮ ಪುರಾಣಕಾರರು ಮುಗ್ಧತೆಯನ್ನು ಎಷ್ಟು ಬೆಲೆಯುಳ್ಳದ್ದೆಂದು ಬಗೆದರೆಂಬುದಕ್ಕೆ ಇದೇ ಸಾಕ್ಷಿ.

ಬೆಜ್ಜಮಹಾದೇವಿಯು ಶಿವನಿಗೆ ತಾಯಿಯಿಲ್ಲವೆಂದು ಮರುಗಿದಳು. ಹೆತ್ತವಳಿದ್ದಿದ್ದರೆ ಮಗನನ್ನು ವಿಷ ಕುಡಿಯಲು, ಸುಡುಗಾಡಿನಲ್ಲಿರಲು, ತಿರಿದುಣ್ಣಲು ಬಿಡುತ್ತಿದ್ದಳೇ ಎಂದು ಯೋಚಿಸಿ ತಾನೇ ಅವನಿಗೆ ತಾಯಿಯಾದಳು. ಅನಾದಿಯಾದವನಿಗೆ ತಾಯಿಯೆಲ್ಲಿಯವಳೆಂದು ಶಾಸ್ತ್ರಜ್ಞನು ನಗಬಹುದು. ಶಿವನು ನಗದೆ ಅವಳಿಗೆ ಕೂಸಾದನು.

ಇನ್ನು ಹರಿಹರನು ಹಾಡಿರುವ ಕೋಳೂರ ಕೊಡಗೂಸಿನ ಕಥೆ. ತಂದೆಯು ದಿನವೂ ಶಿವನಿಗೆ ಹಾಲನ್ನು ಅರ್ಪಿಸುತ್ತಿದ್ದನು. ಊರಿಗೆ ಹೋಗಬೇಕಾಗಿ ಬಂದಾಗ ಆ ಕೆಲಸವನ್ನು ಮಗಳಿಗೆ ಒಪ್ಪಿಸಿದನು. ಕೂಸು ಹಾಲನ್ನು ಕಾಸಿ ಒಯ್ದು ಶಿವನ ಮುಂದಿಟ್ಟಿತು. ಶಿವನು ಕುಡಿಯಲಿಲ್ಲ. ಬೇಡಿಕೊಂಡಿತು, ಅತ್ತಿತು, ಕಡೆಗೆ ತಲೆಯನ್ನು ಒಡೆದುಕೊಳ್ಳಲು ಹೊರಟಾಗ ಶಿವನು ಹಾಲನ್ನು ಕುಡಿದನು. ತಂದೆಯು ಮರಳಿ ಬಂದು ಈ ಮಾತನ್ನು ಕೇಳಿ ನಂಬದೆ, ಮಗಳೇ ಕುಡಿದು ಸುಳ್ಳಾಡುವಳೆಂದು ಶಂಕಿಸಿ, ಅವಳನ್ನು ಗುಡಿಗೆ ಕರೆದೊಯ್ದನು. ಅವನೆದುರಿಗೆ ಶಿವನು ಹಾಲನ್ನು ಮುಟ್ಟಲಿಲ್ಲ. ಸಿಟ್ಟುಗೊಂಡು ಹೊಡೆಯಲು ಬಂದ ತಂದೆಗೆ ಅಂಜಿ ಕೂಸು ಲಿಂಗದ ಮೊರೆಹೊಕ್ಕಿತು. ಲಿಂಗವು ಅದನ್ನು ತನ್ನೊಳಗೆ ಸೇರಿಸಿಕೊಂಡಿತು.

ಇಲ್ಲಿ ಮೂಢನಾರೆಂದು ಕೇಳಿಕೊಳ್ಳಬೇಕು. ಶಿವನು ಹಾಲು ಕುಡಿಯುವನೆಂದು ನಂಬಿದ ಕೂಸೇ? ಶಿವನು ಕುಡಿಯಲಾರನೆಂದು ಒಳಗೆ ನಿಶ್ಚಯಿಸಿಕೊಂಡೂ ದಿನದಿನವೂ ಅವನ ಮುಂದೆ ಹಾಲನ್ನಿಟ್ಟ ತಂದೆಯೇ?

ಈ ಸ್ಥಳದಲ್ಲಿ ಒಂದು ಸಂದೇಹವು ಏಳಬಹುದು. ಶಿಲೆಯ ಸರ್ಪಕ್ಕೆ ನೈವೇದ್ಯವನ್ನರ್ಪಿಸಿ ಜೀವವುಳ್ಳ ಸರ್ಪವನ್ನು ಬಡಿಯಲೇಳುವ, ಉಣಬಲ್ಲ ಜಂಗಮವನ್ನು ಹೊರಗಟ್ಟಿ ಉಣಲಾರದುದರ ಮುಂದೆ ಅನ್ನವನ್ನಿಡುವ ಜನರ ಮೌಢ್ಯವನ್ನು ಬಸವಣ್ಣನವರು ಬಯಲಿಗೆಳೆದಿದ್ದಾರೆ. ಅಂತಹ ಪರಂಪರೆಯೇ ಕಲ್ಲಿಗೆ ಹಾಲು ಕುಡಿಸಹೋದ ಕೂಸನ್ನು ಕೊಂಡಾಡಬಹುದೇ? ಸೂಕ್ಷ್ಮವಾಗಿ ನೋಡಿದರೆ ವಿರೋಧವಿಲ್ಲ. ಬಸವಣ್ಣನವರು ಹಳಿದುದು ಕೈಯೊಂದು ಕಡೆಗೂ ಮನವೊಂದು ಕಡೆಗೂ ಇರುವವರನ್ನು. ಉಣ್ಣುವುದಿಲ್ಲವೆಂದು ಗೊತ್ತಿರುವುದರಿಂದಲೇ ಅವರು ಧೈರ್ಯವಾಗಿ ಬಡಿಸುವರು. ನಿಜವಾಗಿ ಹಸಿದವನು ಬಂದರೆ ಕದವಿಕ್ಕುವರು. ಕೊಡಗೂಸಿನ ತಂದೆಯು ಈ ಗುಂಪಿಗೆ ಸೇರಿದವನು: ಲಿಂಗಕ್ಕೆ ಹಾಲು, ಮಗುವಿಗೆ ಪೆಟ್ಟು. ಕೂಸಿನ ಕೈಯೂ ಮನವೂ ಒಂದೇ ಆಗಿದ್ದವು. ವಚನದ ಕಟುನುಡಿಯೂ ರಗಳೆಯ ಕೊಂಡಾಟವೂ ಒಂದೇ ತತ್ತ್ವದ ಎರಡು ಮುಖಗಳು.

೫. ಲಕ್ಷಣನಿರ್ಣಯ

ಇದುವರೆಗೆ ಕಂಡ ಉದಾಹರಣೆಗಳಿಂದ ಮೂರು ಲಕ್ಷಣಗಳನ್ನು ತೆಗೆಯಬಹುದು. ಮುಗ್ಧನು ತನಗಾಗಿ ಏನನ್ನೂ ಬೇಡನು. ರುದ್ರಪಶುಪತಿಯು ವರವನ್ನು ಕೇಳಲಿಲ್ಲ, ಶಿವನ ಕ್ಷೇಮವನ್ನು ಕೇಳಿದನು. ಕಾಳಹಸ್ತಿಯ ಕಣ್ಣಪ್ಪನು ಶಿವನ ಕಣ್ಣಿನಲ್ಲಿ ರಕ್ತವನ್ನು ಕಂಡು ತನ್ನ ಕಣ್ಣನ್ನೇ ಕಿತ್ತುಕೊಟ್ಟನು. ಹಣವು ಇಮ್ಮಡಿಯಾಗುವುದೆಂದೋ, ವ್ಯಾಜ್ಯವು ಗೆಲ್ಲುವುದೆಂದೋ ಕಪಟಿಯ ಕಾಲಿಗೆ ಬಿದ್ದು ಮೋಸಹೋದವನು ತನ್ನನ್ನು ಮುಗ್ಧಭಕ್ತನೆಂದು ಕರೆದುಕೊಳ್ಳಲಾಗದು. ಅದು ಆಸೆಯಿಂದ ಹುಟ್ಟಿದ ಮೌಢ್ಯ. ಎರಡನೆಯದಾಗಿ, ಮುಗ್ಧನ ನಂಬಿಕೆಗೂ ನಡೆಗೂ ನಡುವೆ ಬಿರುಕಿರದು. ಮೂರನೆಯದಾಗಿ, ಮುಗ್ಧನು ಅರಿವಿಗೆ ಬಾಗಿಲನ್ನು ಮುಚ್ಚನು. ಮೂಢನು ಹೇಳಿದರೂ ಕೇಳನು.

ಈ ಮೂರನೆಯ ಲಕ್ಷಣಕ್ಕೆ ಸೊನ್ನಲಿಗೆಯ ಸಿದ್ಧರಾಮನೇ ನಿದರ್ಶನ. ರಾಘವಾಂಕನು ಹೇಳುವಂತೆ ಬಾಲ್ಯದಲ್ಲಿ ಜನರು ಅವನನ್ನು ಜಡನೆಂದೇ ಬಗೆದಿದ್ದರು. ಹೊಲದ ಬಳಿ ಬಂದ ಮಲ್ಲಯ್ಯನಿಗೆ ಉಣ್ಣಲು ತರುವೆನೆಂದು ಆ ಹುಡುಗನು ಮನೆಗೆ ಓಡಿ, ಮರಳಿ ಬರುವಷ್ಟರಲ್ಲಿ ಅವನು ಕಾಣದಿರಲು, ಮಲ್ಲಯ್ಯಾ ಎಂದು ಕೂಗುತ್ತ ಶ್ರೀಶೈಲದವರೆಗೆ ಹೋದನು. ಅದು ಮುಗ್ಧತೆ. ಆದರೆ ಅವನು ಅಲ್ಲಿಯೇ ನಿಲ್ಲಲಿಲ್ಲ. ಕೆರೆಯನ್ನು ಕಟ್ಟಿಸಿ ಲೋಕಕ್ಕೆ ಉಪಕಾರಿಯಾದನು. ಅಲ್ಲಮಪ್ರಭುವಿನ ಕಠೋರವಾದ ಮಾತನ್ನು ಸೈರಿಸಿ ಕಲ್ಯಾಣಕ್ಕೆ ಹೋದನು. ಚೆನ್ನಬಸವಣ್ಣನಿಂದ ಲಿಂಗದೀಕ್ಷೆಯನ್ನು ಪಡೆದನೆಂದು ಶೂನ್ಯಸಂಪಾದನೆಯು ತಿಳಿಸುವುದು. ಮುಗ್ಧತೆಯು ಬೀಜ, ಅರಿವು ಫಲ. ಆದುದರಿಂದ ಭಕ್ತಿಯೊಂದಿದ್ದರೆ ಸಾಕು, ಓದೇಕೆ ಎಂದು ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವವರು ಮುಗ್ಧಭಕ್ತರ ಹೆಸರನ್ನು ಎತ್ತಬಾರದು. ಶರಣರ ಮಾರ್ಗವು ಅರಿವಿನ ಮಾರ್ಗ.

೬. ಗೃಹಸ್ಥರ ಪಾಲಿಗೆ

ಪಾಠವು ಬೇಗ ಹತ್ತದ ಮಗುವನ್ನು ನಾಲ್ವರೆದುರು ಪೆದ್ದನೆಂದು ಕರೆಯುವ ಮೊದಲು ತಂದೆತಾಯಿಗಳು ಸಿದ್ಧರಾಮನನ್ನು ನೆನೆಯಲಿ. ಮಂತ್ರವನ್ನು ತಪ್ಪಾಗಿ ಉಚ್ಚರಿಸುವ ಅಜ್ಜಿಯನ್ನು ಓದಿದ ಮೊಮ್ಮಕ್ಕಳು ನಗುವ ಮೊದಲು ಬೆಜ್ಜಮಹಾದೇವಿಯನ್ನು ನೆನೆಯಲಿ. ತಿದ್ದುವುದಾದರೆ ಪಕ್ಕದಲ್ಲಿ ಕುಳಿತು, ಮೆಲ್ಲಗೆ ತಿದ್ದಲಿ. ಬೆಳಗ್ಗೆ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇರಿಸಿಕೊಂಡಾಗ ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ: ಈ ಅರ್ಪಣೆಯನ್ನು ಸ್ವೀಕರಿಸುವವನು ಇದ್ದಾನೆಂದು ನಾನು ನಂಬಿರುವೆನೇ? ನಂಬಿದ್ದರೆ ಪೂಜೆ ಮುಗಿಸಿ ಎದ್ದ ಮೇಲೆ ಬಾಗಿಲಿಗೆ ಬಂದವನೊಡನೆ, ಮನೆಯ ಆಳಿನೊಡನೆ, ಅಂಗಡಿಯ ತಕ್ಕಡಿಯೊಡನೆ ನನ್ನ ನಡೆ ಹೇಗಿರಬೇಕು?

ಒಂದು ಸಾಯಂಕಾಲ ಕೊಡಗೂಸಿನ ಕಥೆಯನ್ನು ಮನೆಮಂದಿಯೆಲ್ಲ ಕುಳಿತು ಓದಿರಿ. ಓದಿ ಮುಗಿದ ಮೇಲೆ ಮೂಢನಾರೆಂಬ ಪ್ರಶ್ನೆಯನ್ನು ಮನೆಯ ಅತ್ಯಂತ ಕಿರಿಯ ಮಗುವಿಗೆ ಕೇಳಿರಿ. ಅದು ಕೊಡುವ ಉತ್ತರವನ್ನು ಹಿರಿಯರು ನಗದೆ ಕೇಳಲಿ.