ಎರಡು ಬ್ಯಾಟರಿಗಳ ನಡುವಣ ತಂತಿ

ಹಳೆಯ ಟೆಂಪೋ ಟ್ರಾವೆಲರೊಂದನ್ನು ಕೊಂಡು, ಹಿಂದಿನ ಆಸನಗಳನ್ನು ಕಳಚಿಸಿ, ಆರ್.ಟಿ.ಓ. ಅನುಮತಿಯೊಡನೆ ಅದನ್ನು ಸಂಚಾರಿ ನಿವಾಸವಾಗಿ ಮಾರ್ಪಡಿಸಿಕೊಂಡ ನಮಗೆ, ಮಂಚ ಒಲೆಗಳಿಗಿಂತಲೂ ಅವಶ್ಯವಾಗಿ ಬೇಕಾದುದು ಚಿಕ್ಕದೊಂದು ಫ್ರಿಜ್ಜು. ಜೊತೆಯಲ್ಲಿ ಬರುವ ತಾಯಿಯವರ ಇನ್ಸುಲಿನ್ ಔಷಧವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಾಪಾಡದೆ ನಾವು ಎಲ್ಲಿಗೂ ಹೊರಡುವಂತಿರಲಿಲ್ಲ. ಆ ಫ್ರಿಜ್ಜಿನ ಕಂಪ್ರೆಸರು ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನದ ಅರ್ಧಕಾಲ ಓಡಿತೆಂದರೂ 48 ಆಂಪಿಯರ್-ಗಂಟೆ ವೆಚ್ಚ. ಗಾಡಿಯ ಮೂಲ ಬ್ಯಾಟರಿಯಿಂದಲೇ ಇದನ್ನು ತೆಗೆದರೆ, ಬೆಳಗ್ಗೆ ಸೆಲ್ಫ್ ಹೊಡೆಯುವಷ್ಟು ಶಕ್ತಿಯೂ ಅದರಲ್ಲಿ ಉಳಿದೀತೆಂಬ ಭರವಸೆಯಿಲ್ಲ.

ಇಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿಯ ಪ್ರಕೃತಿಯೇ ಬೇರೆ. ಅದು ಕಂಬಳದ ಕೋಣದಂತೆ. ಕೆಲವೇ ಕ್ಷಣ ನೂರಾರು ಆಂಪಿಯರುಗಳನ್ನು ಒಮ್ಮೆಗೇ ಚಿಮ್ಮಿಸಲೆಂದು ತೆಳ್ಳನೆಯ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿ ಮಾಡಿದ್ದು. ರಾತ್ರಿಯಿಡೀ ಸಾವಕಾಶವಾಗಿ ದುಡಿಯಲು ದಪ್ಪ ಫಲಕಗಳ, ನಮ್ಮ ಮನೆಗಳ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯ ಜಾತಿಗೆ ಸೇರಿದ್ದು ಬೇಕು. ಆದರೆ ಮನೆಯ ಬ್ಯಾಟರಿಯನ್ನೇ ತಂದು ಮಂಚದ ಕೆಳಗಿಡುವುದು ತರವಲ್ಲ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ, ಮಲಗುವ ಮುಚ್ಚಿದ ಕೋಣೆಯಲ್ಲಿ ಅದು ಅಪಾಯಕರ. ಆದುದರಿಂದ ನಾನು 100 ಆಂಪಿಯರ್-ಗಂಟೆಯ, ಮೊಹರು ಮಾಡಿದ ಎ.ಜಿ.ಎಂ. ಬಗೆಯದನ್ನು ಆರಿಸಿದೆನು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಸ್ಸು ಕುಂದುವುದರಿಂದ, ನೂರೆಂದರೆ ಬಳಕೆಗೆ ಐವತ್ತು ಎಂದೇ ತಿಳಿಯತಕ್ಕದ್ದು.

“ಎರಡನ್ನೂ ಪ್ಯಾರಲಲ್ ಕೊಟ್ಟುಬಿಡೋಣ ಸಾರ್” ಎಂದು ಎಲೆಕ್ಟ್ರಿಷಿಯನ್ ಮೊದಲು ಸೂಚಿಸಿದರು. ಹಾಗೆ ಮಾಡಿದಲ್ಲಿ ಎರಡೂ ಒಟ್ಟಿಗೇ ಬರಿದಾಗುತ್ತವೆಂದು ವಿವರಿಸಿದ ಮೇಲೆ, ನಡುವೆ ರಿಲೇ ಒಂದನ್ನು ಕೂರಿಸಿಕೊಟ್ಟರು. ಇಂಜಿನ್ನು ಓಡಿ ಡೈನಮೋ ಚಾರ್ಜ್ ಕೊಡಲಾರಂಭಿಸಿ ವೋಲ್ಟೇಜು ಸುಮಾರು 13.3ಕ್ಕೆ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ. ಇಂಜಿನ್ನು ನಿಂತು 12.8ಕ್ಕೆ ಇಳಿದಾಗ ಬೇರ್ಪಡಿಸುತ್ತದೆ. ಕೆಲಸ ಅಚ್ಚುಕಟ್ಟಾಗಿಯೇ ಇದ್ದಿತು. ಆದರೂ ಮರವಂತೆಯ ಕಡಲತೀರದವರೆಗೆ ದೀರ್ಘ ಪ್ರಯಾಣ ಮಾಡಿ ನಿಂತ ರಾತ್ರಿ, ಹಿಂದಿನ ಬ್ಯಾಟರಿ ತುಂಬಿರಲಿಲ್ಲ. ಬೆಳಗಾಗುವ ಮುನ್ನವೇ ಫ್ರಿಜ್ಜು ತಾನಾಗಿ ಆರಿತು.

ಮರುದಿನ ಇಂಜಿನ್ನು ಓಡುತ್ತಿರುವಾಗ ಮಲ್ಟಿಮೀಟರಿನ ಕಡ್ಡಿಗಳನ್ನು ಮುಂದಿನ ಬ್ಯಾಟರಿಗಿಟ್ಟು ನೋಡಿದೆನು: 14.2 ವೋಲ್ಟು. ಹಿಂದಿನದಕ್ಕಿಟ್ಟೆನು: 13.1. ನಡುವೆ ಮಾಯವಾದ 1.1 ವೋಲ್ಟನ್ನು ನುಂಗಿದ್ದುದು ತಂತಿ. 6 ಚದರ ಮಿಲಿಮೀಟರಿನ ತಾಮ್ರದ ತಂತಿ, ಹೋಗಲು 6 ಮೀಟರು, ಬರಲು 6. ಅದರಲ್ಲಿ 30 ಆಂಪಿಯರ್ ಹರಿದಾಗ ಲೆಕ್ಕವೂ ಸರಿಯಾಗಿ ಅಷ್ಟೇ ನಷ್ಟವನ್ನು ಹೇಳುತ್ತದೆ. ಬ್ಯಾಟರಿ ತುಂಬುತ್ತ ಪ್ರವಾಹ ತಗ್ಗಿದಂತೆ ನಷ್ಟವೂ ತಗ್ಗುವುದು ನಿಜವಾದರೂ, ಆ ಹೊತ್ತಿಗೆ ಪ್ರಯಾಣವೇ ಮುಗಿದಿರುತ್ತದೆ. ಇದೇ ಹಾದಿಯಲ್ಲಿ 16 ಚದರ ಮಿಲಿಮೀಟರಿನ ತಂತಿಯಿದ್ದರೆ ನಷ್ಟ 0.4 ವೋಲ್ಟಿನ ಆಸುಪಾಸು. ಎರಡನೆಯ ಬ್ಯಾಟರಿಗೆಂದು ಹಣ ತೆಗೆದಿಡುವವರು ಮೊದಲು ತಾಮ್ರಕ್ಕೆ ಕೊಟ್ಟು, ಉಳಿದುದರಲ್ಲಿ ಬ್ಯಾಟರಿ ಕೊಳ್ಳಲಿ ಎಂಬ ನನ್ನ ದೃಢವಾದ ಅಭಿಪ್ರಾಯ ರೂಪುಗೊಂಡುದು ಅಂದೇ.

ಊರಿಗೆ ಮರಳಿ ದಪ್ಪ ತಂತಿಯನ್ನು ಎಳೆಸಿದೆನು. ಗಾಡಿಯ ಲೋಹದ ಬಾಡಿಯನ್ನೇ ಅರ್ತ್ ಮಾಡಿಕೊಳ್ಳುವ ವಾಡಿಕೆಯುಂಟು. ಆದರೆ ಕರಾವಳಿಯ ಉಪ್ಪುಗಾಳಿಗೆ ಆ ಕೂಡುಗಳು ತುಕ್ಕು ಹಿಡಿಯುವುದರಿಂದ ಹಿಂದಿರುಗುವ ತಂತಿಯನ್ನೂ ಪ್ರತ್ಯೇಕವಾಗಿಯೇ ಹಾಕಿಸಿದೆನು. ತಂತಿಯ ತುದಿಯ ಹೊದಿಕೆಯನ್ನು ಸುಲಿದು, ಒಂದು ಎಳೆಯೂ ಹೊರಗುಳಿಯದಂತೆ ಲಗ್ಗಿನೊಳಗೆ ತುಂಬಿ, ಉದ್ದ ಹಿಡಿಯ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಎರಡೂ ಕೈಯಿಂದ ಜಗ್ಗಿ ನೋಡಿ, ಬಳಿಕ ಸ್ಲೀವನ್ನು ಏರಿಸಿ ಬಿಸಿಗಾಳಿಯಿಂದ ಬಿಗಿಯುವ ಆ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ತೃಪ್ತಿಯಿಂದ ನೋಡಿದೆನು. ಫ್ಯೂಸು ಒಂದು ಸಾಲದು. ತಂತಿಯ ಎರಡು ಕೊನೆಗಳಲ್ಲಿಯೂ ಬ್ಯಾಟರಿಯಿರುವುದರಿಂದ, ನಡುವೆ ಎಲ್ಲಿಯೇ ಹೊದಿಕೆ ಸವೆದು ಬಾಡಿಗೆ ತಾಗಿದರೂ ಬೆಂಕಿಗೆ ಬೇಕಾದ ಪ್ರವಾಹ ಎರಡು ದಿಕ್ಕಿನಿಂದಲೂ ಬರುತ್ತದೆ. ಆದುದರಿಂದ ಪ್ರತಿ ಬ್ಯಾಟರಿಯ ಸಮೀಪದಲ್ಲಿಯೇ ಒಂದೊಂದು ಫ್ಯೂಸು ಇರಲೇಬೇಕು.

ಲಿಥಿಯಂ ಬ್ಯಾಟರಿ ಹಗುರವೆಂದು ಮಿತ್ರರು ಹೇಳುತ್ತಾರೆ, ಹಗುರವೇ ಸರಿ. ಆದರೆ ಅದು ಡೈನಮೋದಿಂದ ಮಿತಿಮೀರಿ ಎಳೆದು ಅದನ್ನು ಕಾಯಿಸಬಹುದಾದ ಕಾರಣ, ನಡುವೆ ಪ್ರವಾಹವನ್ನು ನಿಯಂತ್ರಿಸುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಲೂ ಬಾರದು. ಲಡಾಖಿನ ಯೋಜನೆ ಇರುವವರು ಇದನ್ನು ಮೊದಲೇ ಯೋಚಿಸಿಕೊಳ್ಳಲಿ. ನಮ್ಮ ಸಂಚಾರವೆಲ್ಲ ಮಲೆನಾಡು ಕರಾವಳಿಗಳಲ್ಲಿಯೇ ಆದುದರಿಂದ ಸೀಸವೇ ಸಾಕಾಗಿದೆ. ಮಳೆಗಾಲಕ್ಕೆ ಮುನ್ನ ಲಗ್ಗುಗಳ ನಟ್ಟನ್ನು ಬಿಗಿಸಿ, ಟರ್ಮಿನಲ್ಲಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಎರಡು ಕಡೆಯ ವೋಲ್ಟೇಜನ್ನೂ ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.